ಬಸ್ಸು, ರೈಲಿಗಾಗಿ ಹೋರಾಡುವವರು ಚುನಾವಣೆಗೆ ನಿಂತರೆ ಏನಾಗುತ್ತೆ? ಮಾಲೂರಿನಿಂದ ನೋಡಿದಾಗ

ಬೆಂಗಳೂರಿನಲ್ಲಿ 2009ರಲ್ಲಿ ಹಸಿರು ಬಣ್ಣದ ಒಂದಷ್ಟು ಬಿಎಂಟಿಸಿ ಬಸ್ಸುಗಳು ರಸ್ತೆಗಿಳಿದವು. ನಂಬರಿನ ಮುಂದೆ 'ಜಿ' ಅಕ್ಷರ, ಹೆಸರು 'ಬಿಗ್10'. ಯೋಚನೆ ತುಂಬಾ ಸರಳ. ನಗರದ ಹೊರವಲಯದಿಂದ ಒಳಗೆ ಬರೋ ದೊಡ್ಡ ರಸ್ತೆಗಳಲ್ಲಿ ಬಸ್ಸು ಗಲ್ಲಿಗಲ್ಲಿ ಸುತ್ತದೆ ನೇರವಾಗಿ ಓಡಬೇಕು, ಒಂದು ಹೋದರೆ ಸ್ವಲ್ಪ ಹೊತ್ತಿಗೇ ಇನ್ನೊಂದು ಬರಬೇಕು. ವರ್ತುಲ ರಸ್ತೆಗೆ 'ಬಿಗ್ ಸರ್ಕಲ್' ಅಂತ ಬೇರೆ ಸೇವೆ. ಮೆಜೆಸ್ಟಿಕ್‌ಗೆ ಹೋಗಿ ಬಸ್ಸು ಬದಲಾಯಿಸೋದೇ ಹಣೆಬರಹ ಅಂದುಕೊಂಡಿದ್ದ ಊರಿಗೆ ಇದು ಹೊಸ ಮಾತು.

ಈ ಯೋಚನೆಯ ಹಿಂದಿದ್ದವರಲ್ಲಿ ಮುಖ್ಯ ಹೆಸರು ಅಶ್ವಿನ್ ಮಹೇಶ್. ಹವಾಮಾನ ವಿಜ್ಞಾನ ಓದಿ ನಾಸಾದಲ್ಲಿ ಕೆಲಸ ಮಾಡಿ ವಾಪಸ್ ಬಂದವರು. 'ಇಂಡಿಯಾ ಟುಗೆದರ್' ಪತ್ರಿಕೆಯ ಸಹಸಂಸ್ಥಾಪಕರು. 'ಮ್ಯಾಪ್‌ಯೂನಿಟಿ' ಸಂಸ್ಥೆ ಕಟ್ಟಿ, ಬೆಂಗಳೂರಿನ ಟ್ರಾಫಿಕ್ ಮಾಹಿತಿಯನ್ನು ಜನರಿಗೆ ತೋರಿಸುವ ಕೆಲಸ ಮಾಡಿದರು. 2008ರಲ್ಲಿ ಯಡಿಯೂರಪ್ಪ ಸರ್ಕಾರ ನಗರದ ಮೂಲಸೌಕರ್ಯಕ್ಕೆ 'ಅಬೈಡ್' ಎಂಬ ಕಾರ್ಯಪಡೆ ಮಾಡಿದಾಗ ಅದರ ಸದಸ್ಯರೂ ಆದರು. ಅಂದರೆ ಸಂಚಾರದ ಬಗ್ಗೆ ಬರೀ ಪೋಸ್ಟ್ ಹಾಕಿದವರಲ್ಲ, ಬಸ್ಸನ್ನೇ ಓಡಿಸಿ ತೋರಿಸಿದವರು.

ಆಮೇಲೆ ಅವರು ಚುನಾವಣೆಗೆ ನಿಂತರು. 2012ರಲ್ಲಿ ಲೋಕಸತ್ತಾ ಪಕ್ಷದಿಂದ ವಿಧಾನ ಪರಿಷತ್ತಿನ ಬೆಂಗಳೂರು ಪದವೀಧರ ಕ್ಷೇತ್ರಕ್ಕೆ. ಗೆದ್ದದ್ದು ಬಿಜೆಪಿಯ ರಾಮಚಂದ್ರಗೌಡ. ಮರುವರ್ಷ, 2013ರಲ್ಲಿ, ಅದೇ ಪಕ್ಷದಿಂದ ಬೊಮ್ಮನಹಳ್ಳಿ ವಿಧಾನಸಭಾ ಕ್ಷೇತ್ರಕ್ಕೆ. ಗೆದ್ದದ್ದು ಬಿಜೆಪಿಯ ಸತೀಶ್ ರೆಡ್ಡಿ. ಅವರು ಅಲ್ಲಿ 2008ರಿಂದ 2023ರವರೆಗೆ ಪ್ರತಿ ಸಲವೂ ಗೆದ್ದಿದ್ದಾರೆ.

ನಾನು ಮಾಲೂರಿನವನು. ಬೆಳಿಗ್ಗೆ ಬೆಂಗಳೂರು ಕಡೆಯ ರೈಲು ಹತ್ತಿ ರಾತ್ರಿ ಅದೇ ಹಳಿ ಮೇಲೆ ಊರಿಗೆ ಮರಳುವ ಸಾವಿರಾರು ಜನರಲ್ಲಿ ಒಬ್ಬ. "ನಮ್ಮ ರೈಲಿನ ವಿಷಯ ಇಟ್ಟುಕೊಂಡು ಯಾರಾದ್ರೂ ಚುನಾವಣೆಗೆ ನಿಂತ್ಕೋಬಾರ್ದಾ?" ಅಂತ ಡಬ್ಬಿಯಲ್ಲಿ ವಾರಕ್ಕೊಮ್ಮೆಯಾದ್ರೂ ಒಬ್ಬರು ಕೇಳ್ತಾರೆ. ಆ ಪ್ರಶ್ನೆಯನ್ನು ಒಮ್ಮೆ ಗಂಭೀರವಾಗಿ ತಗೊಂಡು ನೋಡೋಣ ಅಂತ ಇದನ್ನು ಬರೀತಿದ್ದೀನಿ.

ಮೊದಲು ನಮ್ಮ ಲೆಕ್ಕ. 2023ರ ವಿಧಾನಸಭಾ ಚುನಾವಣೆಯಲ್ಲಿ ಮಾಲೂರಿನಲ್ಲಿ ಕಾಂಗ್ರೆಸ್‌ನ ಕೆ.ವೈ. ನಂಜೇಗೌಡ ಗೆದ್ದರೆಂದು ಘೋಷಣೆಯಾಯಿತು, ಅಂತರ ಬರೀ 248 ಮತ. ಎರಡನೇ ಸ್ಥಾನ ಬಿಜೆಪಿಯ ಕೆ.ಎಸ್. ಮಂಜುನಾಥಗೌಡರಿಗೆ. ಪಕ್ಷೇತರ ಹೂಡಿ ವಿಜಯಕುಮಾರ್ ಮೂರನೆಯವರಾದರೂ ಅವರಿಗೆ ಬಿದ್ದದ್ದು 49 ಸಾವಿರಕ್ಕೂ ಹೆಚ್ಚು ಮತ. ಎಣಿಕೆಯ ತಕರಾರು ಹೈಕೋರ್ಟು, ಸುಪ್ರೀಂ ಕೋರ್ಟುವರೆಗೂ ಹೋಯಿತು, ಅದು ಬೇರೆ ಕಥೆ. ನನ್ನ ತಲೆಯಲ್ಲಿ ಉಳಿದದ್ದು ಆ 248. ಬೆಳಗಿನ ಹೊತ್ತು ಮಾಲೂರು ಸ್ಟೇಷನ್ನಿನಲ್ಲಿ ಒಂದೇ ಡಬ್ಬಿಗೆ ಮುಗಿಬೀಳುವ ಜನ ಅಷ್ಟಿರ್ತಾರೆ, ಹೆಚ್ಚೆಂದರೆ ಎರಡು ಡಬ್ಬಿ. ಇಷ್ಟು ಬಿಗಿಯಾದ ಕ್ಷೇತ್ರದಲ್ಲೂ ಪಾಸ್ ಇಟ್ಟುಕೊಂಡು ಓಡಾಡೋರನ್ನ ಒಂದು ಮತಗುಂಪು ಅಂತ ಯಾವ ಪಕ್ಷವೂ ಎಣಿಸಲ್ಲ. ಒಕ್ಕಲಿಗರೆಷ್ಟು, ದಲಿತರೆಷ್ಟು, ಕುರುಬರೆಷ್ಟು, ಮುಸ್ಲಿಮರೆಷ್ಟು ಅಂತ ಹೋಬಳಿವಾರು ಲೆಕ್ಕ ಬಾಯಲ್ಲೇ ಹೇಳೋ ಮುಖಂಡರಿಗೆ, ಸೀಸನ್ ಟಿಕೆಟ್ ಇರೋರೆಷ್ಟು ಅಂತ ಕೇಳಿ ನೋಡಿ.

ಯಾಕೆ ಹೀಗೆ? ನನಗೆ ಕಾಣೋ ದೊಡ್ಡ ಕಾರಣ ಜನರ ಉದಾಸೀನ ಅಲ್ಲ, ಭೂಗೋಳ. ಕ್ಷೇತ್ರ ಅನ್ನೋದು ಗಡಿ ಹಾಕಿದ ಜಾಗ, ರೈಲು ಅನ್ನೋದು ಗೆರೆ. ಒಂದೇ ರೈಲಿನಲ್ಲಿ ಕೆಜಿಎಫ್, ಬಂಗಾರಪೇಟೆ, ಮಾಲೂರು ಕ್ಷೇತ್ರಗಳ ಜನ ಒತ್ತಿಕೊಂಡು ನಿಂತಿರ್ತಾರೆ. ಕಷ್ಟ ಒಂದೇ, ಮತ ಮೂರು ಕಡೆ ಚೆದುರಿ ಹೋಗುತ್ತೆ. ಬಿಎಂಟಿಸಿ ಬಸ್ಸಿನದ್ದೂ ಇದೇ ಪಾಡು. ಒಂದು 'ಜಿ' ಬಸ್ಸು ಹೊರಟಲ್ಲಿಂದ ಮುಟ್ಟೋಷ್ಟರಲ್ಲಿ ಹಲವು ವಿಧಾನಸಭಾ ಕ್ಷೇತ್ರ ದಾಟುತ್ತೆ. ಅದರಲ್ಲಿ ಕೂತ ಗಾರ್ಮೆಂಟ್ಸ್ ಹೆಣ್ಣುಮಗಳ ವೋಟು ಎಷ್ಟೋ ಸಲ ಹುಟ್ಟಿದೂರಿನಲ್ಲೇ ಇರುತ್ತೆ. ಬಸ್ಸನ್ನು ನಂಬಿರೋರ ಮತ ಬಸ್ಸು ಓಡೋ ಕ್ಷೇತ್ರದಲ್ಲಿಲ್ಲ, ಮತ ಇರೋರಲ್ಲಿ ಬಹಳ ಜನಕ್ಕೆ ಬಸ್ಸು ಬೇಕಿಲ್ಲ. ಬೊಮ್ಮನಹಳ್ಳಿಯಂಥ ಕಡೆ ಬಸ್ಸಿನ ಮಾತಾಡೋ ಅಭ್ಯರ್ಥಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೇಕಾ?

ಇನ್ನೊಂದು ತೊಡಕು ಅಧಿಕಾರದ್ದು. ಶಾಸಕನನ್ನು ಗೆಲ್ಲಿಸಿದ್ರೆ ರೈಲು ಬರುತ್ತಾ? ಬರಲ್ಲ. ಮಾಲೂರು ಸ್ಟೇಷನ್ನು ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ್ದು, ವಲಯದ ಕೇಂದ್ರ ಕಚೇರಿ ಹುಬ್ಬಳ್ಳಿ, ದುಡ್ಡಿನ ಗಂಟು ದೆಹಲಿ. ಹಾಗಾದ್ರೆ ಎಂಪಿ? ಕೋಲಾರ ಲೋಕಸಭಾ ಕ್ಷೇತ್ರ ಎಂಟು ವಿಧಾನಸಭಾ ಕ್ಷೇತ್ರಗಳಷ್ಟು ದೊಡ್ಡದು, ಪರಿಶಿಷ್ಟ ಜಾತಿಗೆ ಮೀಸಲು. ಕೆ.ಎಚ್. ಮುನಿಯಪ್ಪ ಇಲ್ಲಿಂದ 1991ರಿಂದ 2014ರವರೆಗೆ ಸತತ ಏಳು ಸಲ ಗೆದ್ದರು, ನಡುವೆ ರೈಲ್ವೆ ರಾಜ್ಯ ಸಚಿವರೂ ಆಗಿದ್ದರು. 2012-13ರ ರೈಲ್ವೆ ಬಜೆಟ್ಟಿನಲ್ಲಿ ಕೋಲಾರಕ್ಕೆ ಬೋಗಿ ತಯಾರಿಕಾ ಕಾರ್ಖಾನೆ ಅಂತ ಘೋಷಣೆಯಾಯಿತು. ಶ್ರೀನಿವಾಸಪುರದ ಕಡೆಯ ಹುಡುಗರು ಅದನ್ನು ನಂಬಿ ಕಾದರು. ಒಂದು ಬೋಗಿಯೂ ಅಲ್ಲಿಂದ ಹೊರಗೆ ಬರಲಿಲ್ಲ. ಬಂಗಾರಪೇಟೆ, ಕೋಲಾರ, ಚಿಕ್ಕಬಳ್ಳಾಪುರದ ನ್ಯಾರೋಗೇಜ್ ಹಳಿ ಬ್ರಾಡ್‌ಗೇಜ್ ಆಯಿತು ಅನ್ನೋದು ನಿಜ. ಮುಳಬಾಗಿಲಿಗೆ ಮಾತ್ರ ಹಳಿಯೇ ಇಲ್ಲ. ರೈಲ್ವೆ ಖಾತೆಯೇ ಕೈಯಲ್ಲಿದ್ದ ಸಂಸದರ ಕ್ಷೇತ್ರದ ಕಥೆ ಇದು. ಪಕ್ಷ ಇಲ್ಲದ, ದುಡ್ಡಿಲ್ಲದ ಹೋರಾಟಗಾರನೊಬ್ಬ ಗೆದ್ದು ಹೋಗಿ ಏನು ಮಾಡಬಲ್ಲ ಅನ್ನೋ ಅನುಮಾನ ಮತದಾರನಿಗೆ ಬಂದರೆ ಅದು ದಡ್ಡತನ ಅಲ್ಲ.

ಹಾಗಂತ ಬಸ್ಸು, ರೈಲು ಮತ ತರೋದೇ ಇಲ್ಲ ಅಂತ ಯಾರಾದ್ರೂ ಅಂದ್ರೆ ಒಪ್ಪಬೇಡಿ. 2023ರ ಚುನಾವಣೆಯಲ್ಲಿ ಕಾಂಗ್ರೆಸ್ಸಿನ ಐದು ಗ್ಯಾರಂಟಿಗಳಲ್ಲಿ ಒಂದು ಬಸ್ಸಿನದ್ದೇ. ಜೂನ್ 11ರಂದು 'ಶಕ್ತಿ' ಜಾರಿಗೆ ಬಂತು. ರಾಜ್ಯದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಅಂದದ್ದೇ ತಡ, ಬಸ್ ಸ್ಟಾಂಡುಗಳ ಚಹರೆಯೇ ಬದಲಾಯಿತು. ಟಿಕೆಟ್ ದರ ಇಳಿಸಿ, ಬಸ್ಸು ಬಡವರ ಹಕ್ಕು ಅಂತ ಬೆಂಗಳೂರು ಬಸ್ ಪ್ರಯಾಣಿಕರ ವೇದಿಕೆಯಂಥವರು ವರ್ಷಗಟ್ಟಲೆ ಬೀದಿಯಲ್ಲಿ ಕೂಗಿದ ಮಾತು ಅದು. ಪೂರ್ತಿ ಅದೇ ರೂಪದಲ್ಲಿ ಅಲ್ಲದಿದ್ರೂ, ಒಂದು ದೊಡ್ಡ ಪಕ್ಷದ ಪ್ರಣಾಳಿಕೆಗೆ ಬಂದಾಗ ಅದಕ್ಕೆ ರೆಕ್ಕೆ ಬಂತು. ವ್ಯತ್ಯಾಸ ಗಮನಿಸಿ: 'ಶಕ್ತಿ' ಒಂದು ದಾರಿಯ ಪ್ರಯಾಣಿಕರಿಗೆ ಕೊಟ್ಟಿದ್ದಲ್ಲ, ಪ್ರತಿ ಕ್ಷೇತ್ರದ ಅರ್ಧ ಮತದಾರರಿಗೆ ಕೊಟ್ಟಿದ್ದು. ಗೆರೆಯ ವಿಷಯವನ್ನು ಗಡಿಯೊಳಗಿನ ವಿಷಯ ಮಾಡಿದ್ದು ಅಲ್ಲಿಯ ಜಾಣತನ.

ಚುನಾವಣೆಗೆ ನಿಲ್ಲದೇ ಗೆದ್ದವರೂ ಇದ್ದಾರೆ. 2016ರ ಅಕ್ಟೋಬರ್ 16ರಂದು ಬೆಂಗಳೂರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡ ಅಂತ ಸಾವಿರಾರು ಜನ ಮಾನವ ಸರಪಳಿ ಮಾಡಿದರು. 2017ರ ಮಾರ್ಚ್‌ನಲ್ಲಿ ಸರ್ಕಾರ ಆ ಯೋಜನೆಯನ್ನೇ ಕೈಬಿಟ್ಟಿತು. ಅದೇ 'ಸಿಟಿಜನ್ಸ್ ಫಾರ್ ಬೆಂಗಳೂರು' ಬಳಗ 'ಚುಕುಬುಕು ಬೇಕು' ಅಂತ ಉಪನಗರ ರೈಲಿಗೆ ದನಿ ಎತ್ತಿತು. 2020ರ ಅಕ್ಟೋಬರ್‌ನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು: 148 ಕಿಲೋಮೀಟರ್, ನಾಲ್ಕು ಮಾರ್ಗ, 15,767 ಕೋಟಿ ರೂಪಾಯಿ. ಇಲ್ಲಿ ನಮ್ಮ ಕಡೆಯವರು ಕಿವಿ ನಿಮಿರಿಸಬೇಕು. ಕೆಂಗೇರಿಯಿಂದ ಹೊರಡುವ 'ಪಾರಿಜಾತ' ಮಾರ್ಗ ವೈಟ್‌ಫೀಲ್ಡಿಗೆ ಬಂದು ನಿಲ್ಲುತ್ತೆ. ಮಾಲೂರು, ಟೇಕಲ್, ಬಂಗಾರಪೇಟೆ ಆ 148ರೊಳಗೆ ಇಲ್ಲ. ಬೆಂಗಳೂರಿನವರ ಕೂಗು ಬೆಂಗಳೂರಿನ ಗಡಿವರೆಗೆ ಮುಟ್ಟಿತು. ನಮ್ಮ ಕಡೆಯಿಂದ ಅಷ್ಟು ಜೋರಾದ ಕೂಗು ಎದ್ದಿತ್ತಾ? 2023ರಲ್ಲಿ ವೈಟ್‌ಫೀಲ್ಡಿಗೆ ಮೆಟ್ರೋ ಬಂದದ್ದು ನಮಗೆ ದಕ್ಕಿದ ಲಾಭ ಅನ್ನಬೇಕು. ಆದರೆ ಅಲ್ಲಿವರೆಗೆ ಮುಟ್ಟಿಸೋದು ಅದೇ ಹಳೇ ರೈಲು.

ಮತ್ತೆ ಮತ್ತೆ ನಿಲ್ಲೋದು ವ್ಯರ್ಥವಾ? ಕೊಲಂಬಿಯಾ ದೇಶದ ಬೊಗೋಟಾ ನಗರದಲ್ಲಿ ಎನ್ರಿಕೆ ಪೆನ್ಯಲೋಸಾ ಅಂತೊಬ್ಬರಿದ್ದಾರೆ. 1990ರ ದಶಕದ ಮೊದಲ ಭಾಗದಲ್ಲಿ ಎರಡು ಸಲ ಮೇಯರ್ ಚುನಾವಣೆಗೆ ನಿಂತು ಸೋತರು. 1997ರಲ್ಲಿ ಗೆದ್ದರು. ಮೂರೇ ವರ್ಷದಲ್ಲಿ, 2000ದ ಡಿಸೆಂಬರ್‌ನಲ್ಲಿ, ಬಸ್ಸಿಗೇ ಮೀಸಲಾದ ರಸ್ತೆಪಥದ 'ಟ್ರಾನ್ಸ್‌ಮಿಲೇನಿಯೊ' ಶುರು ಮಾಡಿದರು. ಜಗತ್ತಿನ ಎಷ್ಟೋ ನಗರಗಳು ಅದನ್ನು ನೋಡಿ ಕಲಿತವು. ಆಮೇಲೆ 2007ರಲ್ಲಿ ಸೋತರು, 2011ರಲ್ಲಿ ಸೋತರು, 2015ರಲ್ಲಿ ಮತ್ತೆ ಗೆದ್ದರು. ಆದರೆ ಅವರ ಕಥೆಯನ್ನು ಸುಮ್ನೆ ಸ್ಫೂರ್ತಿಗೆ ಅಂತ ಹೇಳೋರ ಮಾತು ಅರ್ಧ ಮಾತ್ರ. ಬೊಗೋಟಾದಲ್ಲಿ ಮೇಯರ್‌ನನ್ನು ಜನ ನೇರವಾಗಿ ಆರಿಸ್ತಾರೆ, ಬಸ್ಸಿನ ರಸ್ತೆ ಹಾಕೋ ಅಧಿಕಾರವೂ ಆ ಕುರ್ಚಿಗಿದೆ. ಸೋತರೂ ಮತ್ತೆ ನಿಲ್ಲೋಕೆ ಗೊತ್ತಾದ ಸಮಯಕ್ಕೆ ಚುನಾವಣೆ ಬರುತ್ತೆ.

ನಮ್ಮಲ್ಲಿ? ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿಯಿತು, ಚುನಾವಣೆಯ ಬದಲು ಆಡಳಿತಾಧಿಕಾರಿ ಬಂದರು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಆರಿಸಿದವರ ಅವಧಿ 2021ಕ್ಕೆ ಮುಗಿದ ಮೇಲೂ ಇದೇ ಗತಿ. ನನ್ನ ನಿಜವಾದ ಸಿಟ್ಟು ಇರೋದು ಇಲ್ಲೇ. ಊರಿಗೆ ಬಸ್ಸು ಬರಲಿಲ್ಲ ಅಂತ ಡಿಪೋ ಮುಂದೆ ಕೂತ ಹುಡುಗನೋ ಹುಡುಗಿಯೋ ತಾಲ್ಲೂಕು ಪಂಚಾಯಿತಿಗೆ ನಿಂತು, ಸೋತು, ಬೂತು ಅಂದ್ರೇನು ಅಂತ ಕಲಿತು, ಐದು ವರ್ಷಕ್ಕೆ ಮತ್ತೆ ನಿಲ್ಲೋ ಮೆಟ್ಟಿಲನ್ನೇ ಕಿತ್ತು ಹಾಕಿದ್ದಾರೆ. ಉಳಿದಿರೋದು ನೇರವಾಗಿ ವಿಧಾನಸಭೆ. ಅಲ್ಲಿ ಒಬ್ಬ ಅಭ್ಯರ್ಥಿ ಕಾನೂನುಬದ್ಧವಾಗಿ ಖರ್ಚು ಮಾಡಬಹುದಾದ ಮಿತಿಯೇ 40 ಲಕ್ಷ. ಠೇವಣಿ 10 ಸಾವಿರ, ಪರಿಶಿಷ್ಟರಿಗೆ 5 ಸಾವಿರ, ಸಿಂಧು ಮತದ ಆರನೇ ಒಂದು ಭಾಗ ಬರಲಿಲ್ಲ ಅಂದ್ರೆ ಅದೂ ಹೋಯ್ತು. ಪಕ್ಷೇತರರಿಗೆ ಹತ್ತು ಜನ ಸೂಚಕರು ಬೇಕು, ಮಾನ್ಯತೆ ಇರೋ ಪಕ್ಷದವರಿಗೆ ಒಬ್ಬರು ಸಾಕು.

ಇದರ ಮಧ್ಯೆ ಯುವಕರು ಹೆಚ್ಚು ಗಮನಿಸದ ಒಂದು ಕಿಟಕಿ ಇದೆ, ಅಶ್ವಿನ್ ಮಹೇಶ್ 2012ರಲ್ಲಿ ಹೊಕ್ಕು ನೋಡಿದ್ದು ಅದನ್ನೇ: ಪದವೀಧರ ಕ್ಷೇತ್ರ. ನಮ್ಮದು ಬೆಂಗಳೂರಿನದ್ದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆ ಸೇರಿದ ಆಗ್ನೇಯ ಪದವೀಧರ ಕ್ಷೇತ್ರ. ಇಲ್ಲಿ ಮತ ಹಾಕೋ ರೀತಿಯೇ ಬೇರೆ. ಒಬ್ಬರಿಗೆ 1, ಮತ್ತೊಬ್ಬರಿಗೆ 2, 3 ಅಂತ ಪ್ರಾಶಸ್ತ್ಯ ಬರೀಬೇಕು. ರೈಲಿನ ಮಾತಾಡೋ ಅಭ್ಯರ್ಥಿಗೆ 1 ಬರೆದು, ಅವರು ಹೊರಬಿದ್ದರೂ ನಿಮ್ಮ 2ನೇ ಪ್ರಾಶಸ್ತ್ಯ ಕೆಲಸಕ್ಕೆ ಬರುತ್ತೆ. 'ವೋಟು ವೇಸ್ಟಾಗುತ್ತೆ' ಅನ್ನೋ ಹಳೇ ಹೆದರಿಕೆ ಇಲ್ಲಿ ಅರ್ಧಕ್ಕರ್ಧ ಕಮ್ಮಿ. ಆದ್ರೆ ಇದರಲ್ಲೂ ಒಂದು ಕೊಕ್ಕೆ: ಅಭ್ಯರ್ಥಿಯ ಖರ್ಚಿಗೆ ಕಾನೂನಿನ ಮಿತಿಯೇ ಇಲ್ಲ.

ಇನ್ನೊಂದು ಕೊಕ್ಕೆ ಮತದಾರರ ಪಟ್ಟಿ. ವಿಧಾನಸಭೆಯ ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಇಲ್ಲಿ ಇರಲ್ಲ. ಪ್ರತಿ ಚುನಾವಣೆಗೂ ಪಟ್ಟಿಯನ್ನು ಹೊಸದಾಗಿ ಮಾಡ್ತಾರೆ, ಹಿಂದೆ ಹಾಕಿದ್ದೆ ಅನ್ನೋ ಲೆಕ್ಕ ನಡೆಯಲ್ಲ. ನಮೂನೆ 18 ತುಂಬಬೇಕು. ನವೆಂಬರ್ 1ಕ್ಕೆ ನೀವು ಪದವಿ ಮುಗಿಸಿ ಕನಿಷ್ಠ ಮೂರು ವರ್ಷ ಆಗಿರಬೇಕು, ಕ್ಷೇತ್ರದ ನಿವಾಸಿ ಆಗಿರಬೇಕು. ಈ ಅರ್ಜಿಗಳನ್ನು ಕಟ್ಟುಗಟ್ಟಲೆ ತುಂಬಿಸೋದು ಪಕ್ಷಗಳು ಮತ್ತು ಕಾಲೇಜು ಆಡಳಿತ ಮಂಡಳಿಗಳ ಜೊತೆ ನಂಟಿರೋ ಆಕಾಂಕ್ಷಿಗಳು. ಅಲ್ಲಿಗೆ ಅರ್ಧ ಚುನಾವಣೆ ಮುಗಿದ ಹಾಗೆ. ದಿನಾ ರೈಲಿನಲ್ಲಿ ನಿಂತು ಹೋಗೋ ಬಿ.ಕಾಂ., ಬಿ.ಎಸ್ಸಿ., ಇಂಜಿನಿಯರಿಂಗ್ ಆದವರ ಅರ್ಜಿ ತುಂಬಿಸೋಕೆ ಯಾರೂ ಪ್ಲಾಟ್‌ಫಾರಂಗೆ ಬರಲ್ಲ.

ಆಗ್ನೇಯ ಪದವೀಧರ ಕ್ಷೇತ್ರಕ್ಕೆ 2020ರ ಅಕ್ಟೋಬರ್‌ನಲ್ಲಿ ಚುನಾವಣೆ ನಡೆದಿತ್ತು, ಗೆದ್ದವರು ಬಿಜೆಪಿಯ ಚಿದಾನಂದ ಗೌಡ. ಪರಿಷತ್ ಸದಸ್ಯರ ಅವಧಿ ಆರು ವರ್ಷ, ಅಂದರೆ 2026ಕ್ಕೆ ಮುಗಿಯುತ್ತೆ. ಡಬ್ಬಿಯಲ್ಲಿ "ಯಾರಾದ್ರೂ ನಿಂತ್ಕೋಬಾರ್ದಾ" ಅಂತ ಕೇಳೋರಿಗೆ ನಾನು ಈಗ ತಿರುಗಿಸಿ ಕೇಳೋದು ಒಂದೇ: ನಿಮ್ಮ ಡಿಗ್ರಿ ಸರ್ಟಿಫಿಕೇಟಿನ ಜೆರಾಕ್ಸ್ ಎಲ್ಲಿದೆ?