ಮುದ್ದು, ಶಿಸ್ತು ಮತ್ತು ಮಗುವಿನ ಸ್ವಭಾವ

ಮಗುವನ್ನು ಮುದ್ದಿಸಬೇಡಿ, ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ, ಬೆಳಿಗ್ಗೆ ಕೈಕುಲುಕಿದರೆ ಸಾಕು ಎಂದು 1928ರಲ್ಲಿ ಅಮೆರಿಕದ ಮನೋವಿಜ್ಞಾನಿ ಜಾನ್ ವಾಟ್ಸನ್ ತಾಯಂದಿರಿಗೆ ಬರೆದರು. 1946ರಲ್ಲಿ ಮಕ್ಕಳ ವೈದ್ಯ ಬೆಂಜಮಿನ್ ಸ್ಪಾಕ್, ನಿಮ್ಮ ತಿಳಿವಳಿಕೆಯನ್ನೇ ನಂಬಿ, ಮಗುವನ್ನು ಅಕ್ಕರೆಯಿಂದ ನೋಡಿಕೊಳ್ಳಿ ಎಂದರು. ಸ್ಪಾಕ್ ಮಾತೇ ಸರಿಗೆ ಹತ್ತಿರ. ಆದರೆ ಇಬ್ಬರ ಬಳಿಯೂ ಹೇಳಿಕೊಳ್ಳುವಂಥ ಪುರಾವೆ ಇರಲಿಲ್ಲ. ಅದು ಬಂದದ್ದು ವಿಸ್ಕಾನ್ಸಿನ್‌ನ ಒಂದು ಪ್ರಯೋಗಾಲಯದಿಂದ. 1958ರಲ್ಲಿ ಹ್ಯಾರಿ ಹಾರ್ಲೋ ವಿವರಿಸಿದ ಪ್ರಯೋಗದಲ್ಲಿ, ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳ ಮುಂದೆ ಎರಡು ಬೊಂಬೆಗಳಿದ್ದವು. ಒಂದು ಬರೀ ತಂತಿಯದು, ಇನ್ನೊಂದಕ್ಕೆ ಮೆತ್ತನೆಯ ಬಟ್ಟೆ ಸುತ್ತಿತ್ತು. ಹಾಲಿನ ಬಾಟಲಿ ತಂತಿಯ ಬೊಂಬೆಯಲ್ಲಿದ್ದರೂ ಮರಿಗಳು ಕುಡಿಯುವಷ್ಟು ಹೊತ್ತು ಮಾತ್ರ ಅಲ್ಲಿರುತ್ತಿದ್ದವು, ಮಿಕ್ಕಂತೆ ಬಟ್ಟೆಯದನ್ನೇ ತಬ್ಬಿಕೊಂಡಿರುತ್ತಿದ್ದವು. ಪ್ರಯೋಗ ಕ್ರೂರವಾದದ್ದು, ನಿಜ. ಆದರೆ ಹೊಟ್ಟೆ ತುಂಬಿಸಿದರೆ ಸಾಕೆಂಬ ವಾದ ಅಲ್ಲಿಗೆ ಮುಗಿಯಿತು.

ಹಾಗಾದರೆ ಶಿಸ್ತಿನ ಗತಿಯೇನು? 1960ರ ದಶಕದಲ್ಲಿ ಬರ್ಕ್ಲಿಯ ಡಯಾನಾ ಬಾಮ್ರಿಂಡ್ ಶಾಲೆಗೆ ಸೇರುವ ಮುಂಚಿನ ಮಕ್ಕಳನ್ನೂ ಅವರ ಹೆತ್ತವರನ್ನೂ ಗಮನಿಸಿ ಮೂರು ಬಗೆ ಗುರುತಿಸಿದರು. ಹೇಳಿದ್ದು ಕೇಳು ಎಂದು ದರ್ಪ ತೋರುವವರು, ಏನು ಮಾಡಿದರೂ ಸುಮ್ಮನಿರುವವರು, ಪ್ರೀತಿ ತೋರುತ್ತಲೇ ಕಟ್ಟುಪಾಡು ಬಿಡದೆ ಅದರ ಕಾರಣವನ್ನೂ ವಿವರಿಸುವವರು. ಸ್ವಾವಲಂಬನೆಯೂ ಸಂಯಮವೂ ಹೆಚ್ಚಾಗಿ ಕಂಡದ್ದು ಮೂರನೆಯವರ ಮಕ್ಕಳಲ್ಲಿ. 1983ರಲ್ಲಿ ಮ್ಯಾಕೋಬಿ ಮತ್ತು ಮಾರ್ಟಿನ್ ಇದಕ್ಕೆ ನಾಲ್ಕನೆಯದನ್ನು, ಮಗುವಿನ ಗೊಡವೆಗೇ ಹೋಗದವರನ್ನು, ಸೇರಿಸಿದರು. ಇಂದಿನ ಪಾಲನಾ ಪುಸ್ತಕಗಳು ಈ ಪಟ್ಟಿಯನ್ನು ಜಾತಕದಂತೆ ಬಳಸುತ್ತವೆ. ನನ್ನ ತಕರಾರು ಇರುವುದು ಅಲ್ಲೇ. ಒಳ್ಳೆಯ ಪಾಲನೆಯಿಂದ ಮಗು ಶಾಂತವಾಯಿತೋ, ಮಗು ಶಾಂತವಾಗಿದ್ದುದರಿಂದ ಹೆತ್ತವರಿಗೆ ತಾಳ್ಮೆ ಉಳಿಯಿತೋ? 1968ರಲ್ಲೇ ರಿಚರ್ಡ್ ಬೆಲ್ ಈ ಪ್ರಶ್ನೆ ಎತ್ತಿದ್ದರು. ನ್ಯೂಯಾರ್ಕಿನ ವೈದ್ಯ ದಂಪತಿ ಸ್ಟೆಲ್ಲಾ ಚೆಸ್ ಮತ್ತು ಅಲೆಕ್ಸಾಂಡರ್ ಥಾಮಸ್ 1956ರಿಂದ ಹಸುಗೂಸುಗಳನ್ನು ವರ್ಷಗಟ್ಟಲೆ ಗಮನಿಸುತ್ತ ಬಂದು, ಕೆಲವು ಮಕ್ಕಳು ಹೊಸದಕ್ಕೆ ಬೇಗ ಒಗ್ಗುತ್ತವೆ, ಕೆಲವು ರಚ್ಚೆ ಹಿಡಿಯುತ್ತವೆ, ಕೆಲವಕ್ಕೆ ಸಮಯ ಬೇಕು ಎಂಬುದನ್ನು ಕಂಡರು. ಅವರ ಪ್ರಕಾರ ವಿಧಾನಕ್ಕಿಂತ ಮುಖ್ಯವಾದದ್ದು ಆ ಮಗುವಿಗೆ ಅದು ಹೊಂದುತ್ತದೆಯೇ ಎಂಬುದು. ಹಾಗಾಗಿ ಆಯ್ಕೆ ಶುರುವಾಗಬೇಕಾದದ್ದು ಮಗುವನ್ನು ಗಮನಿಸುವುದರಿಂದ.

ಇದಕ್ಕೆ ಎರಡು ಗಟ್ಟಿ ಆಕ್ಷೇಪಗಳಿವೆ. ಹೆತ್ತವರ ಪಾತ್ರವನ್ನೇ ಉಬ್ಬಿಸಿ ಹೇಳಲಾಗಿದೆ, ವ್ಯಕ್ತಿತ್ವವನ್ನು ರೂಪಿಸುವುದು ವಂಶವಾಹಿ ಮತ್ತು ಓರಗೆಯವರು ಎಂದು 1998ರಲ್ಲಿ ಜೂಡಿತ್ ರಿಚ್ ಹ್ಯಾರಿಸ್ ವಾದಿಸಿದರು. ಒಂದೇ ಮನೆಯಲ್ಲಿ ಬೆಳೆದ ದತ್ತುಮಕ್ಕಳ ಸ್ವಭಾವದಲ್ಲಿ ಹೋಲಿಕೆ ತೀರಾ ಕಡಿಮೆ ಎಂಬುದು ಅವರ ಬಲ. ಒಪ್ಪೋಣ, ಆದರೂ ಮಗು ಮನೆಯಲ್ಲಿ ಭಯದಿಂದ ಬದುಕುತ್ತದೋ ನೆಮ್ಮದಿಯಿಂದಲೋ ಎಂಬುದು ಹೆತ್ತವರ ಕೈಯಲ್ಲೇ ಇದೆ. ಇನ್ನೊಂದು, ಸಂಸ್ಕೃತಿಯ ಪ್ರಶ್ನೆ. ಚೀನೀ ಮೂಲದ ತಾಯಂದಿರ ಬಿಗಿಯಲ್ಲಿ ಅಮೆರಿಕನ್ನರು ದರ್ಪ ಕಂಡರೆ, ಅದರೊಳಗೆ ಕಾಳಜಿಯ ತರಬೇತಿಯಿದೆ ಎಂದು 1994ರಲ್ಲಿ ರೂತ್ ಚಾವ್ ತೋರಿಸಿದರು. ನಮ್ಮ ಅಜ್ಜ-ಅಜ್ಜಿಯರಿರುವ ಮನೆಗಳಿಗೂ ಬಾಮ್ರಿಂಡ್ ಅಳತೆಗೋಲು ನೇರವಾಗಿ ಒಪ್ಪುವುದಿಲ್ಲ.

ಹಾಗೆಂದು ಹೊಡೆತಕ್ಕೆ ಸಂಸ್ಕೃತಿಯ ನೆಪ ಒಡ್ಡಲಾಗದು. ಭಾರತವೂ ಸೇರಿದಂತೆ ಆರು ದೇಶಗಳ ತಾಯಿ-ಮಕ್ಕಳನ್ನು ಕುರಿತ 2005ರ ಅಧ್ಯಯನದಲ್ಲಿ, ಹೊಡೆಯುವುದು ರೂಢಿಯಾಗಿರುವ ಕಡೆ ಪೆಟ್ಟಿಗೂ ಮಕ್ಕಳ ತೊಂದರೆಗಳಿಗೂ ಇರುವ ನಂಟು ದುರ್ಬಲವಾಗಿದ್ದರೂ, ಹೆಚ್ಚು ಪೆಟ್ಟು ತಿಂದ ಮಕ್ಕಳಲ್ಲಿ ಆಕ್ರಮಣಶೀಲತೆ ಮತ್ತು ಆತಂಕ ಹೆಚ್ಚೇ ಇದ್ದವು. ಸ್ವೀಡನ್ 1979ರಲ್ಲೇ ಮನೆಯೊಳಗಿನ ಹೊಡೆತವನ್ನೂ ನಿಷೇಧಿಸಿತು. ನಮ್ಮ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನು ತಡೆಯುವುದು ಶಾಲೆಯಲ್ಲಿ ಮಾತ್ರ.