ನಾಕು ಬಾಗ್ಲಿಗೆ ಒಂದೇ ಬೀಗ

ಹೋದ ಸಲದ ಮಿಕ್ಸಿ ಕತೆ ಓದಿ ಚಿಕ್ಕಮ್ಮ ಫೋನ್ ಮಾಡಿದ್ರು. "ಮಿಕ್ಸಿ ಆಯ್ತು, ಈಗ ನಮ್ಮನೆ ಕಾರಿನ ಬಾಗ್ಲು ಯಾಕೆ ಹಿಂಗಾಡುತ್ತೆ ಅಂತ ಬರಿಯೇ" ಅಂದ್ರು. ಪೀಣ್ಯ, ದಾಸರಹಳ್ಳಿ ಕಡೆ ಈಗ ಎಷ್ಟೋ ಮನೆ ಮುಂದೆ ಹದಿನೈದಿಪ್ಪತ್ತು ವರ್ಷದ ದೊಡ್ಡ ಕಾರು ನಿಂತಿರುತ್ತೆ. ಹೊಸದಾಗಿದ್ದಾಗ ನಾವು ಮುಟ್ಟಕ್ಕಾಗದ ಬೆಲೆ, ಈಗ ಕೈಗೆ ಸಿಗೋ ಬೆಲೆ. ತರುವಾಗ ಗಂಡಸರು ಇಂಜಿನ್ ನೋಡ್ತಾರೆ, ಟೈರ್ ನೋಡ್ತಾರೆ. ಬಾಗ್ಲ ಬೀಗ ಯಾರೂ ನೋಡಲ್ಲ. ಆ ಬಾಗ್ಲ ಹಿಂದೆ ಕೂರೋದು ಅಜ್ಜಿ, ಮಕ್ಕಳು, ನಾವು. ಅದಕ್ಕೇ ಈ ಕತೆ ನಮಗೆ ಗೊತ್ತಿರ್ಬೇಕು.

ಹಿಂದೆ ಮನೆ ಬೀಗದ ಕೈ ಗೊಂಚಲು ಅತ್ತೆಯ ಸೊಂಟದಲ್ಲಿ ಇರ್ತಿತ್ತಲ್ಲ, ಉಗ್ರಾಣಕ್ಕೊಂದು, ಬೀರುಗೊಂದು? ಕಾರೂ ಹಂಗೇ ಇತ್ತು. ಅಂಬಾಸಿಡರ್ ಕಾರಲ್ಲಿ ಊರಿಗೆ ಹೋದೋರಿಗೆ ನೆನಪಿರುತ್ತೆ, ಇಳಿದ ಮೇಲೆ ಒಂದೊಂದು ಬಾಗ್ಲೂ ಕೈಯಾರೆ ನೋಡಿ ಭದ್ರ ಮಾಡ್ಬೇಕಿತ್ತು. ಒಂದು ಕಡೆ ಒತ್ತಿದ್ರೆ ಎಲ್ಲಾ ಬಾಗ್ಲೂ ಬೀಳೋ ಆಸೆ ಶ್ರೀಮಂತರ ಕಾರಲ್ಲಿ ಹುಟ್ಟಿದ್ದು. ಅಮೆರಿಕದಲ್ಲಿ 1910ರ ದಶಕದಲ್ಲೇ ಕರೆಂಟಿನ ಬೀಗ ಹಾಕಿ ನೋಡಿದ್ರು. ಆಮೇಲೆ ಮರೆತೇಹೋಯ್ತು. 1956ರಲ್ಲಿ ಪ್ಯಾಕಾರ್ಡ್ ಅನ್ನೋ ದೊಡ್ಡವರ ಕಾರು ಅದನ್ನ ಮತ್ತೆ ತಂತು.

ಜರ್ಮನಿಯವರು ಬೇರೆ ದಾರಿ ಹಿಡಿದ್ರು. ಮರ್ಸಿಡಿಸ್‌ನ ಹಳೇ ಕಾರುಗಳಲ್ಲಿ ಬೀಗ ಎಳೆಯೋದು ಕರೆಂಟಲ್ಲ, ಗಾಳಿ. ನಾವು ಸ್ಟ್ರಾದಲ್ಲಿ ಎಳನೀರು ಹೀರಿದಂಗೆ, ಸಣ್ಣ ಸಣ್ಣ ಪೈಪಿನಲ್ಲಿ ಗಾಳಿ ಹೀರಿ ಒಳಗಿನ ರಬ್ಬರ್ ಪದರ ಎಳೆಯೋದು, ಅದು ಬೀಗ ಎಳೆಯೋದು. 1976ರಲ್ಲಿ ಬಂದ ಡಬ್ಲ್ಯೂ 123 ಕಾರಿನ ಡೀಸೆಲ್ ಮಾದರಿಯಲ್ಲಿ ಇಂಜಿನ್ ಆಫ್ ಮಾಡೋದೂ ಅದೇ ಗಾಳಿ. ಹಾಗಾಗಿ ಬಾಗ್ಲಿನ ಪೈಪು ಸೋರಿದ್ರೆ ಕೀ ತಿರುಗಿಸಿ ತೆಗೆದ್ರೂ ಇಂಜಿನ್ ಓಡ್ತಾನೇ ಇರೋದು! ಬಾಗ್ಲ ರೋಗಕ್ಕೆ ಇಂಜಿನ್ ಬಿಚ್ಚಿ ಕೂತೋರು ಎಷ್ಟು ಜನವೋ.

ನಮ್ಮ ದೇಶದಲ್ಲಿ 1995ರಲ್ಲಿ ಪುಣೆಯಿಂದ ಹೊರಬಂದ ಮೊದಲ ಇ-ಕ್ಲಾಸ್ ಕಾರೂ ಈ ಗಾಳಿ ವಂಶದ್ದೇ. ಅದರಲ್ಲಿ ಗಾಳಿಗೆ ಅಂತಲೇ ಬೇರೆ ಕರೆಂಟ್ ಪಂಪು ಇರುತ್ತೆ. ಬೀಗ ಹಾಕಿದ ಮೇಲೆ ಅದು ಒಂದೆರಡು ಸೆಕೆಂಡ್ ಗುಂಯ್ ಅಂದು ಸುಮ್ಮನಾಗ್ಬೇಕು. ಸುಮ್ಮನಾಗದೆ ಅರ್ಧ ನಿಮಿಷ ಕೊರಗ್ತಿದ್ರೆ ಎಲ್ಲೋ ರಬ್ಬರ್ ಹರಿದಿದೆ ಅಂತ ಲೆಕ್ಕ. ಹಾಗೇ ಬಿಟ್ರೆ ಪಂಪೂ ಸುಟ್ಟುಹೋಗುತ್ತೆ.

ಆಮೇಲೆ ಬಂದಿದ್ದು ಬಾಗ್ಲಿಗೊಂದು ಪುಟ್ಟ ಮೋಟರು. ಎರಡು ವೈರು, 12 ವೋಲ್ಟು. ಕರೆಂಟ್ ಈ ಕಡೆಯಿಂದ ಹರಿದ್ರೆ ಬೀಗ ಬೀಳುತ್ತೆ, ಆ ಕಡೆಯಿಂದ ಹರಿದ್ರೆ ಏಳುತ್ತೆ. ದೂರದಿಂದ ಒತ್ತೋ ರಿಮೋಟು 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಲ್ಲಿ ಬಂತು. ಅಲ್ಲಿನವರು ಅದನ್ನ ಕಂಡುಹಿಡಿದ ಪಾಲ್ ಲಿಪ್‌ಶುಟ್ಸ್ ಹೆಸರಿಂದ 'ಪ್ಲಿಪ್' ಅಂತಲೇ ಕರೀತಾರೆ. 1986ರಲ್ಲಿ ಬಾಷ್ ಕಂಪನಿ ಕ್ಯಾನ್ ಅನ್ನೋ ಏರ್ಪಾಡನ್ನ ಲೋಕಕ್ಕೆ ತೋರಿಸ್ತು. ಎರಡೇ ತಂತಿಯಲ್ಲಿ ಕಾರಿನ ಎಲ್ಲಾ ಪೆಟ್ಟಿಗೆಗಳೂ ಮಾತಾಡಿಕೊಳ್ಳೋದು, ಓಣಿಯ ವಾಟ್ಸಾಪ್ ಗುಂಪಿನ ಥರ. 1991ರ ಹೊತ್ತಿಗೆ ಅದು ಮರ್ಸಿಡಿಸ್ ಎಸ್-ಕ್ಲಾಸಿಗೆ ಬಂತು. ಅಲ್ಲಿಂದ ಮುಂದೆ ಬೀಗದ ಮಾತು ಕಂಪ್ಯೂಟರಿನ ಮಾತಾಯ್ತು.

ಇಲ್ಲಿ ನಮ್ಮೂರೂ ಕತೆಯೊಳಗೆ ಬರುತ್ತೆ. ಆರ್.ಕೆ. ಬಾಳಿಗರ ಕನಸು, 1978ರಲ್ಲಿ ಕಿಯೋನಿಕ್ಸ್ ಶುರು ಮಾಡಿದ ಎಲೆಕ್ಟ್ರಾನಿಕ್ ಸಿಟಿ 332 ಎಕರೆ ಜಾಗದ್ದು. 1996ರಲ್ಲಿ ಮರ್ಸಿಡಿಸ್‌ನವರು ಬೆಂಗಳೂರಲ್ಲಿ ಸಂಶೋಧನಾ ಕೇಂದ್ರ ತೆರೆದ್ರು, ಈಗ ಅದು ವೈಟ್‌ಫೀಲ್ಡಲ್ಲಿದೆ. ಹೊಸ ಕಾರಿಗೆ ಪ್ರೋಗ್ರಾಂ ಬರೆಯೋ ನಮ್ಮ ಮಕ್ಕಳು ಆ ಕಡೆ, ಹಳೇ ಕಾರಿನ ಸವೆದ ಹಲ್ಲುಚಕ್ರ ನೋಡೋ ಕೈಗಳು ಪೀಣ್ಯದ ಕಡೆ. ಊರಿನ ಎರಡು ತುದಿ, ಒಂದೇ ಬೀಗ.

ಇನ್ನು ಕೆಟ್ಟಾಗ ಏನು ನೋಡ್ಬೇಕು? ಮೊದಲು ಕೇಳಿ: ಒಂದು ಬಾಗ್ಲೋ, ಎಲ್ಲಾ ಬಾಗ್ಲೋ? ಎಲ್ಲವೂ ಕೂತಿದ್ರೆ ಒಳಗಿನ ಲಾಕ್ ಸ್ವಿಚ್ ಒತ್ತಿ. ಅದು ಕೆಲಸ ಮಾಡಿದ್ರೆ ರಿಮೋಟಿನ ಸೆಲ್ ಹೋಗಿರ್ಬಹುದು. ಅದೂ ಮಾಡದಿದ್ರೆ ಫ್ಯೂಸು, ಬ್ಯಾಟರಿ ನೋಡಿಸಿ. ಒಂದೇ ಬಾಗ್ಲಾದ್ರೆ ಕಿವಿ ಕೊಡಿ. ಟಕ್ ಅಂತ ಸದ್ದು ಬಂದೂ ತೆಗೀದಿದ್ರೆ ಒಳಗಿನ ಹಲ್ಲೋ ಕಡ್ಡಿಯೋ ಸವೆದಿದೆ. ಸದ್ದೇ ಇಲ್ಲ ಅಂದ್ರೆ ಮೋಟರ್ ಹೋಗಿರ್ಬೇಕು, ಇಲ್ಲಾ ವೈರ್ ಕಟ್ ಆಗಿರ್ಬೇಕು. ಹಿಂದಿನ ಬಾಗ್ಲು ಒಳಗಿಂದ ಮಾತ್ರ ತೆಗೀದಿದ್ರೆ, ಬಾಗ್ಲ ಅಂಚಲ್ಲಿರೋ ಚೈಲ್ಡ್ ಲಾಕ್ ಮೊದಲು ನೋಡಿ.

ನಮ್ಮ ಓರಗಿತ್ತಿ ಮನೆ ಕಾರಿನ ಎಡಗಡೆ ಹಿಂದಿನ ಬಾಗ್ಲು ಮೂರು ತಿಂಗಳು ಸತ್ತಂಗೆ ಬಿದ್ದಿತ್ತು. ಒಂದು ಗ್ಯಾರೇಜಿನೋರು ಇಡೀ ಲಾಕೇ ಬದಲಾಯಿಸ್ಬೇಕು ಅಂದ್ರು. ಪೀಣ್ಯ ಎರಡನೇ ಹಂತದ ಒಬ್ಬ ಮುದುಕ ಎಲೆಕ್ಟ್ರಿಷಿಯನ್ ಬಾಗ್ಲಿಗೂ ಕಂಬಕ್ಕೂ ಮಧ್ಯೆ ಇರೋ ರಬ್ಬರ್ ಕೊಳವೆ ಸರಿಸಿ ನೋಡಿದ್ರು. ಇಪ್ಪತ್ತು ವರ್ಷ ಬಾಗ್ಲು ತೆಗೆದು ಹಾಕಿ ಒಂದು ವೈರು ಮುರಿದಿತ್ತು, ಹೊರಗೆ ಕಾಣಿಸ್ತಿರ್ಲಿಲ್ಲ ಅಷ್ಟೇ. ಹಳೇ ಕಾರಲ್ಲಿ ಈ ಜಾಗವನ್ನ ಮೊದಲು ನೋಡ್ಸಿ, ಆಮೇಲೆ ಲಾಕ್ ದುಡ್ಡು ಕೊಡಿ.

ಎಲ್ಲಕ್ಕಿಂತ ಮುಖ್ಯದ್ದು ಈಗ. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಸರ್ಜಾಪುರ ರಸ್ತೆ ಕಡೆ ಕೋಟಿ ಬೆಲೆಯ ಕಾರುಗಳೂ ಮುಳುಗಿದ್ವು, ಐಟಿಯವರು ಟ್ರ್ಯಾಕ್ಟರ್ ಹತ್ತಿ ಹೋದ್ರು. 2023ರ ಮೇ 21ರಂದು ಕೆ.ಆರ್. ಸರ್ಕಲ್ ಅಂಡರ್‌ಪಾಸಿನ ನೀರಲ್ಲಿ ಕಾರು ಸಿಕ್ಕಿಕೊಂಡು ಒಬ್ಬ ಚಿಕ್ಕ ವಯಸ್ಸಿನ ಸಾಫ್ಟ್‌ವೇರ್ ಹುಡುಗಿ ತೀರಿಕೊಂಡಳು. ಅದು ಲಾಕಿನ ತಪ್ಪು ಅಂತ ನಾನು ಹೇಳ್ತಿಲ್ಲ. ಹೊರಗಿನ ನೀರಿನ ಭಾರಕ್ಕೆ ಒಳ್ಳೇ ಬಾಗ್ಲೂ ತೆಗೆಯೋದು ಕಷ್ಟ. ನೀರು ಏರ್ತಿದ್ರೆ ಕರೆಂಟ್ ಇರೋವಾಗಲೇ ಗ್ಲಾಸ್ ಇಳಿಸಿಬಿಡಿ, ಕಾರು ಬಿಟ್ಟು ಹೊರಗೆ ಬನ್ನಿ. ಕಾರಿನ ಆಸೆ ಬೇಡ.

ಇನ್ನೊಂದು. ಯುರೋಪಿನ ಕೆಲವು ಕಾರುಗಳನ್ನ ಹೊರಗಿಂದ ಲಾಕ್ ಮಾಡಿದ್ರೆ ಒಳಗಿನ ಹ್ಯಾಂಡಲೂ ಕೆಲಸ ಮಾಡಲ್ಲ. ಕಳ್ಳ ಗ್ಲಾಸ್ ಒಡೆದ್ರೂ ಬಾಗ್ಲು ತೆಗೀಬಾರದು ಅಂತ ಮಾಡಿದ್ದು. ಕಳ್ಳನಿಗೆ ಮಾಡಿದ್ದು ಅಜ್ಜಿಗೂ ಆಗುತ್ತೆ. "ಎರಡೇ ನಿಮಿಷ, ಕೂತಿರಿ" ಅಂತ ಒಳಗೆ ಯಾರನ್ನೂ ಬಿಟ್ಟು ರಿಮೋಟ್ ಒತ್ತಿ ಹೋಗ್ಬೇಡಿ.

ಇಷ್ಟೆಲ್ಲಾ ವೈರು ಬಂದ್ರೂ ಬಾಗ್ಲೊಳಗೆ ಆ ಹಳೇ ಕೈಬೀಗ ಇನ್ನೂ ಇದೆ. ರಿಮೋಟಿನ ಹೊಟ್ಟೆಯಲ್ಲೇ ಒಂದು ಕಬ್ಬಿಣದ ಕೀ ಅಡಗಿರುತ್ತೆ, ಡ್ರೈವರ್ ಬಾಗ್ಲಲ್ಲಿ ಅದಕ್ಕೆ ತೂತು ಇರುತ್ತೆ. ಕೆಲವು ಕಾರಲ್ಲಿ ಅದರ ಮೇಲೆ ಸಣ್ಣ ಮುಚ್ಚಳ. ಬ್ಯಾಟರಿ ಪೂರ್ತಿ ಸತ್ತರೂ ಆ ಕೀ ತೆಗೆಯುತ್ತೆ. ವರ್ಷಗಟ್ಟಲೆ ಬಳಸದೆ ಧೂಳು ಕೂತು ಬಿಗಿಯಾಗಿರುತ್ತೆ, ಅಷ್ಟೇ. ಕೊಬ್ಬರಿ ಎಣ್ಣೆ ಬಿಡ್ಬೇಡಿ, ಚಳಿಗೆ ಹೆಪ್ಪುಗಟ್ಟಿ ಧೂಳು ಹಿಡಿಯುತ್ತೆ. ಗ್ರಾಫೈಟ್ ಪುಡಿ ಸಾಕು.

ಈ ಭಾನುವಾರ ಕಾರು ತೊಳೆಯೋವಾಗ ಆ ಕೀ ಈಚೆ ತೆಗೆದು, ನೀವೇ ಒಂದ್ಸಲ ಹಾಕಿ ತಿರುಗಿಸಿ ನೋಡಿ. ನಿಮ್ಮ ಕೈಗೂ ಅಭ್ಯಾಸ ಆಗ್ಲಿ. ತಿರುಗ್ತೋ ಇಲ್ವೋ ನನಗೆ ಹೇಳಿ, ಚಿಕ್ಕಮ್ಮನಿಗಂತೂ ನಾನೇ ಫೋನ್ ಮಾಡಿ ಕೇಳ್ತೀನಿ.