ನದಿಯಾಚೆಯಿಂದ ಕಂಡ ಯುದ್ಧ: ಮೆಕ್ಸಿಕೊ ಕ್ರಾಂತಿಯ ಪತ್ರಿಕಾ ನಕ್ಷೆಗಳು ಮತ್ತು ರಾಯಚೂರು ದೋಆಬ

1910ರಲ್ಲಿ ಆರಂಭವಾದ ಮೆಕ್ಸಿಕೊ ಕ್ರಾಂತಿಯನ್ನು ಅಮೆರಿಕದ ಓದುಗರು ವರದಿಗಳ ಜೊತೆಗೆ ದಿನಪತ್ರಿಕೆಗಳ ಯುದ್ಧನಕ್ಷೆಗಳಲ್ಲಿಯೂ ಕಂಡರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಸತುವಿನ ಪಡಿಯಚ್ಚುಗಳು ಬಳಕೆಗೆ ಬಂದುದರಿಂದ ರೇಖಾಚಿತ್ರಗಳನ್ನು ತ್ವರಿತವಾಗಿ ಮುದ್ರಿಸುವುದು ಸಾಧ್ಯವಾಗಿತ್ತು. ಈ ನಕ್ಷೆಗಳಿಗೆ ರೈಲುಮಾರ್ಗವೇ ಬೆನ್ನೆಲುಬು. ಗಡಿಪಟ್ಟಣ ಸಿಯುದಾದ್ ಹುವಾರೆಸ್‌ನಿಂದ ಚಿವಾವಾ, ತೊರೆಯೋನ್, ಸಕಾತೆಕಾಸ್‌ಗಳತ್ತ ಇಳಿಯುವ ಹಳಿಯನ್ನು ಹಿಡಿದೇ ಪಾಂಚೊ ವಿಲ್ಲಾನ ಸೈನ್ಯ ದಕ್ಷಿಣಕ್ಕೆ ಸಾಗಿತು. 1914ರ ಜೂನ್ 23ರಂದು ಸಕಾತೆಕಾಸ್ ಅದರ ವಶವಾಯಿತು. ಹಳಿಯಿಂದ ದೂರವಿದ್ದ ಹಳ್ಳಿಗಳು ಇಂಥ ನಕ್ಷೆಯಲ್ಲಿ ಬರಿಯ ಬಿಳಿಯ ಜಾಗ.

ನಕ್ಷೆಯನ್ನು ನೋಡುವ ಕಣ್ಣು ನದಿಯ ಆಚೆ ದಡದಲ್ಲಿತ್ತು ಎಂಬುದು ಗಮನಾರ್ಹ. 1911ರ ಮೇ ತಿಂಗಳಲ್ಲಿ ಹುವಾರೆಸ್ ಕಾಳಗ ನಡೆದಾಗ ರಿಯೊ ಗ್ರಾಂಡೆಯ ಇನ್ನೊಂದು ದಂಡೆಯ ಎಲ್ ಪಾಸೊ ನಗರದ ಜನ ಮಾಳಿಗೆಗಳನ್ನೇರಿ ಅದನ್ನು ವೀಕ್ಷಿಸಿದ್ದರು. (ಜಾತ್ರೆಯ ಕುಸ್ತಿ ನೋಡುವವರ ಉತ್ಸಾಹವನ್ನು ಇದು ನೆನಪಿಸದಿರದು.) ಕಾದಾಡಿದವರ ಕಡೆಯ ಭೂಗೋಳ ಉಳಿದುದು 'ಕೊರಿದೊ' ಎಂಬ ಕಥನಗೀತೆಗಳಲ್ಲಿ. ಮೆಕ್ಸಿಕೊ ನಗರದ ವಾನೆಗಾಸ್ ಅರೋಯೊ ಮುದ್ರಣಾಲಯ ಅವುಗಳನ್ನು ಅಗ್ಗದ ಹಾಳೆಗಳಲ್ಲಿ ಅಚ್ಚು ಹಾಕಿ ಮಾರುತ್ತಿತ್ತು. 1913ರಲ್ಲಿ ತೀರಿಕೊಂಡ ಪೊಸಾದ ಅದರ ಪ್ರಸಿದ್ಧ ಚಿತ್ರಕಾರ. ನಮ್ಮ ಲಾವಣಿಯಂತೆ ಕೊರಿದೊ ಕೂಡ ಊರಿನ ಹೆಸರು, ದಿನ, ಸತ್ತವರ ಹೆಸರುಗಳನ್ನು ಹೇಳುವುದಕ್ಕೆ ಹಿಂಜರಿಯುವುದಿಲ್ಲ.

ಕೃಷ್ಣಾ-ತುಂಗಭದ್ರೆಯರ ನಡುವಣ ದೋಆಬಕ್ಕೆ ಈ ಹೋಲಿಕೆ ಅಪರಿಚಿತವಲ್ಲ. 1948ರವರೆಗೆ ತುಂಗಭದ್ರೆಯ ಉತ್ತರದ ಸಿಂಧನೂರು ನಿಜಾಮ ಸಂಸ್ಥಾನಕ್ಕೂ ದಕ್ಷಿಣದ ಸಿರುಗುಪ್ಪ ಬ್ರಿಟಿಷ್ ಆಡಳಿತ ಮುಗಿಯುವ ತನಕ ಮತ್ತು ಅನಂತರವೂ ಮದ್ರಾಸ್ ಪ್ರಾಂತಕ್ಕೂ ಸೇರಿದ್ದವು. ಮದೆರೊ ಗಡಿಯಾಚೆಯ ಟೆಕ್ಸಾಸ್‌ನಿಂದ ಬಂಡಾಯವನ್ನು ಸಂಘಟಿಸಿದಂತೆ, 1947-48ರಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಯವರು ಮುಂಬಯಿ ಪ್ರಾಂತದ ಮುಂಡರಗಿಯಲ್ಲಿ ಶಿಬಿರ ನಡೆಸಿದರು. 1948ರ ಸೆಪ್ಟೆಂಬರ್ 13ರಿಂದ 17ರವರೆಗಿನ ಸೈನಿಕ ಕಾರ್ಯಾಚರಣೆಯ ಕಥನವೂ ಸೊಲ್ಲಾಪುರ, ವಿಜಯವಾಡಗಳಿಂದ ಹೈದರಾಬಾದಿಗೆ ಹೊರಟ ಹೆದ್ದಾರಿಗಳನ್ನೇ ಅನುಸರಿಸುತ್ತದೆ. ಅಂದು ರೈಲು ಮುಟ್ಟದಿದ್ದ ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಗೊರೇಬಾಳದಂಥ ಊರುಗಳು ಆ ಗೆರೆಗಳ ಹೊರಗೆ ನಿಲ್ಲುತ್ತವೆ. ಅವುಗಳ ರಾತ್ರಿ ಕಾವಲು, ಗುಳೆ, ಬಚ್ಚಿಟ್ಟ ಕಾಳಿನ ಹಗೇವುಗಳ ನೆನಪನ್ನು ಅರಸುವ ಸಂಶೋಧಕ ಹಿರಿಯರ ಬಾಯಿಗೇ ಕಿವಿಗೊಡಬೇಕು. ಅಂದು ಹತ್ತು ವರ್ಷದವರಾಗಿದ್ದವರು ಈಗ ತೊಂಬತ್ತರ ಸಮೀಪದಲ್ಲಿದ್ದಾರೆ.